ಸೀಸದ ಚರೆ: ಒಂದು ವಿಷದ ಚರಿತ್ರೆ

ಲೋಹಗಳಲ್ಲಿ ಸೀಸದಷ್ಟು ಮನುಷ್ಯನ ಮಾತು ಕೇಳುವ ಲೋಹ ಬೇರೊಂದಿಲ್ಲ. 327 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಅದು ಕರಗಿ ನೀರಾಗುತ್ತದೆ. ಹಾಕಿದ ಅಚ್ಚಿನ ರೂಪವನ್ನು ತಾಳುತ್ತದೆ. ತೂಕವುಳ್ಳದ್ದಾದ್ದರಿಂದ ಗಾಳಿಯನ್ನು ಸೀಳಿಕೊಂಡು ದೂರ ಹೋಗುತ್ತದೆ. ಮೆತುವಾದದ್ದರಿಂದ ಕೋವಿಯ ನಳಿಗೆಯನ್ನು ಗೀರುವುದಿಲ್ಲ. ಬೆಲೆಯೂ ಅಗ್ಗ. ಇಷ್ಟೆಲ್ಲ ಗುಣಗಳಿದ್ದ ಮೇಲೆ ಕೋವಿ ಹುಟ್ಟಿದಂದಿನಿಂದ ಸೀಸವೇ ಅದರ ಜೊತೆಗಾರನಾದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಈ ಲೋಹ ವಿಷವೆಂಬ ಮಾತೂ ಅಷ್ಟೇ ಹಳೆಯದು. ಸೀಸದ ಕೊಳವೆಯಲ್ಲಿ ಹರಿದ ನೀರು ದೇಹಕ್ಕೆ ಒಳ್ಳೆಯದಲ್ಲವೆಂದು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿಯೇ ಎಚ್ಚರಿಸಿದ್ದನು. ಗೊತ್ತಿದ್ದೂ ಗೊತ್ತಿದ್ದೂ ಒಂದು ವಿಷವನ್ನು ಮನುಷ್ಯ ಎಷ್ಟು ಕಾಲ ಕೈಬಿಡದೆ ಇಟ್ಟುಕೊಳ್ಳಬಲ್ಲ ಎಂಬುದಕ್ಕೆ ಬೇಟೆಯ ಚರೆಯ ಚರಿತ್ರೆ ಒಂದು ಒಳ್ಳೆಯ ನಿದರ್ಶನ.

ಹಕ್ಕಿ ಹೊಡೆಯಲು ಬೇಕಾದದ್ದು ಒಂದು ದೊಡ್ಡ ಗುಂಡಲ್ಲ. ಸಾಸಿವೆಕಾಳಿನಿಂದ ಮೆಣಸಿನಕಾಳಿನವರೆಗಿನ ಗಾತ್ರದ ನೂರಾರು ಚರೆಗಳು. ಇವುಗಳನ್ನು ಉರುಟಾಗಿ, ಒಂದೇ ಸಮನಾಗಿ ಮಾಡುವುದು ಹಿಂದಿನ ಕಾಲದಲ್ಲಿ ಕಷ್ಟದ ಕೆಲಸವಾಗಿತ್ತು. 1782ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬ ಕೊಳಾಯಿ ಕೆಲಸಗಾರ ಇದಕ್ಕೆ ಒಂದು ಉಪಾಯ ಕಂಡುಕೊಂಡು ಹಕ್ಕುಪತ್ರ ಪಡೆದನು. ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ಬೀಳಬಿಟ್ಟರೆ, ಮಳೆಯ ಹನಿಯಂತೆ ಪ್ರತಿಯೊಂದು ತೊಟ್ಟೂ ದಾರಿಯಲ್ಲಿಯೇ ಗುಂಡಗಾಗುತ್ತದೆ. ಕೆಳಗಿನ ನೀರಿನ ತೊಟ್ಟಿಗೆ ಬಿದ್ದೊಡನೆ ಗಟ್ಟಿಯಾಗುತ್ತದೆ. ಅವನು ತನ್ನ ಮನೆಯ ಮೇಲೆಯೇ ಗೋಪುರವೊಂದನ್ನು ಎಬ್ಬಿಸಿದನು. ಮುಂದೆ ಇಂತಹ ಚರೆಗೋಪುರಗಳು ಯೂರೋಪು ಅಮೆರಿಕಗಳಲ್ಲಿ ಅನೇಕ ಎದ್ದವು. ಚರೆ ಅಗ್ಗವಾಯಿತು, ಬೇಟೆ ಹೆಚ್ಚಿತು.

ಒಂದು ತೋಟಾದಲ್ಲಿ ಇನ್ನೂರಕ್ಕೂ ಮಿಕ್ಕಿ ಚರೆಗಳಿರುವುದುಂಟು. ಹಕ್ಕಿಗೆ ತಗಲುವುವು ನಾಲ್ಕೋ ಐದೋ. ಉಳಿದವು ಎಲ್ಲಿ ಹೋದವು? ಕೆರೆಗೆ, ಜೌಗಿಗೆ, ಗದ್ದೆಯ ಕೆಸರಿಗೆ. ಹಕ್ಕಿಗಳಿಗೆ ಹಲ್ಲಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಬಾತುಗಳು ಕೆಸರಿನಲ್ಲಿ ಕೊಕ್ಕಾಡಿಸಿ ಸಣ್ಣ ಸಣ್ಣ ಹರಳುಗಳನ್ನು ನುಂಗುತ್ತವೆ; ಹೊಟ್ಟೆಯೊಳಗಿನ ಗಟ್ಟಿ ಸ್ನಾಯುವಿನ ಚೀಲ ಆ ಹರಳುಗಳ ನೆರವಿನಿಂದ ಕಾಳನ್ನು ಬೀಸುತ್ತದೆ. ಈ ಬೀಸುವ ಕಲ್ಲಿಗೆ ಹರಳಿನ ಜೊತೆ ಚರೆಯೂ ಸಿಕ್ಕಿದರೆ, ಅದೂ ತೇಯುತ್ತದೆ. ಹೊಟ್ಟೆಯ ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ಹಕ್ಕಿಯ ರೆಕ್ಕೆ ಜೋಲುತ್ತದೆ, ಮಲ ಹಸಿರಾಗುತ್ತದೆ, ಅನ್ನದ ಚೀಲ ನಿಷ್ಕ್ರಿಯವಾಗುತ್ತದೆ. ಕೊನೆಗೆ ಹೊಟ್ಟೆ ತುಂಬ ಕಾಳಿದ್ದರೂ ಹಕ್ಕಿ ಉಪವಾಸದಿಂದ ಸಾಯುತ್ತದೆ. ಬೇಟೆಗಾರನ ಗುರಿ ತಪ್ಪಿಸಿಕೊಂಡು ಹಾರಿಹೋದ ಬಾತು, ತಿಂಗಳುಗಳ ಮೇಲೆ ಅದೇ ಗುರಿ ತಪ್ಪಿದ ಚರೆಯಿಂದ ಹೀಗೆ ಸಾಯಬಹುದು.

ಇದು ನಿನ್ನೆ ಮೊನ್ನೆ ಕಂಡುಹಿಡಿದ ವಿಷಯವಲ್ಲ. ಅಮೆರಿಕದಲ್ಲಿ 1870ರ ದಶಕದಲ್ಲಿಯೇ ಇಂತಹ ಸಾವುಗಳನ್ನು ಗುರುತಿಸಿದ್ದರು. 1894ರಲ್ಲಿ ಜಾರ್ಜ್ ಬರ್ಡ್ ಗ್ರಿನೆಲ್ ತಾನು ಸಂಪಾದಿಸುತ್ತಿದ್ದ ಬೇಟೆಗಾರರ ಪತ್ರಿಕೆಯಲ್ಲಿಯೇ ಸೀಸದ ವಿಷದ ಬಗ್ಗೆ ಬರೆದನು. ಅಲೆಕ್ಸಾಂಡರ್ ವೆಟ್‌ಮೋರ್ ಎಂಬ ಪಕ್ಷಿವಿಜ್ಞಾನಿ ಯೂಟಾ ಪ್ರಾಂತದ ಉಪ್ಪುಸರೋವರದ ಬಳಿಯ ಜೌಗುಗಳಲ್ಲಿ ಸತ್ತ ಬಾತುಗಳನ್ನು ಸೀಳಿ ನೋಡಿ, ಸಾಕಿದ ಬಾತುಗಳಿಗೆ ಚರೆ ತಿನ್ನಿಸಿ ಪರೀಕ್ಷಿಸಿ, 1919ರಲ್ಲಿ ಸರ್ಕಾರದ ಪ್ರಕಟಣೆಯಾಗಿಯೇ ತನ್ನ ವರದಿಯನ್ನು ಹೊರಡಿಸಿದನು. ಅಲ್ಲಿಗೆ ಸಂಶಯ ತೀರಬೇಕಾಗಿತ್ತು. ತೀರಲಿಲ್ಲ. ಇಲಿನಾಯ್ ಪ್ರಾಂತದ ಫ್ರಾಂಕ್ ಬೆಲ್‌ರೋಸ್ 36,000ಕ್ಕೂ ಹೆಚ್ಚು ನೀರುಹಕ್ಕಿಗಳ ಹೊಟ್ಟೆಗಳ ಪರೀಕ್ಷೆಯ ಫಲವನ್ನು ಒಟ್ಟುಗೂಡಿಸಿ, ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ನೂರಕ್ಕೆ ಎರಡು ಮೂರು ವರ್ಷವರ್ಷವೂ ಸೀಸದಿಂದ ಸಾಯುತ್ತವೆಂದು 1959ರಲ್ಲಿ ಅಂದಾಜು ಮಾಡಿದನು. ನೂರಕ್ಕೆ ಎರಡೆಂದರೆ ಸ್ವಲ್ಪವೆಂದು ತೋರಬಹುದು. ಆದರೆ ಹಕ್ಕಿಗಳ ಸಂಖ್ಯೆ ಕೋಟಿಗಳಲ್ಲಿರುವಾಗ ಆ ಎರಡು ಲಕ್ಷಗಳಾಗುತ್ತವೆ.

ಹಾಗಾದರೆ ಚರೆಯನ್ನು ಬದಲಾಯಿಸಲು ತಡವೇಕಾಯಿತು? ಬೇಟೆಗಾರರ ಆಕ್ಷೇಪಗಳೆಲ್ಲ ಹುಸಿಯಾಗಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಸೀಸದ ಸಾಂದ್ರತೆ 11.3, ಅದರ ಬದಲು ತಂದ ಮೆದುಕಬ್ಬಿಣದ ಚರೆಯದು, ಅದನ್ನೇ ರೂಢಿಯಲ್ಲಿ ಉಕ್ಕಿನ ಚರೆಯೆನ್ನುತ್ತಾರೆ, 8ಕ್ಕೂ ಕಡಿಮೆ. ಹಗುರವಾದ ಚರೆ ಬೇಗ ವೇಗ ಕಳೆದುಕೊಳ್ಳುತ್ತದೆ. ಹಕ್ಕಿ ಸಾಯದೆ ಗಾಯಗೊಂಡು ಹಾರಿಹೋಗುತ್ತದೆಂದು ಅವರು ವಾದಿಸಿದರು. ಉಕ್ಕು ಗಡುಸಾದ್ದರಿಂದ ಅಜ್ಜನ ಕಾಲದ ಕೋವಿಯ ನಳಿಗೆ ಹಾಳಾದೀತೆಂಬ ಹೆದರಿಕೆಯೂ ಇತ್ತು. ಈ ತೊಡಕುಗಳಿಗೆ ಪರಿಹಾರವೂ ಬಂದಿತು: ಒಂದೆರಡು ಅಳತೆ ದಪ್ಪನಾದ ಚರೆಯನ್ನು ಬಳಸುವುದು, ಹತ್ತಿರದಿಂದ ಹೊಡೆಯುವುದು, ನಳಿಗೆಯನ್ನು ಕಾಯುವ ಪ್ಲಾಸ್ಟಿಕ್ ಬಟ್ಟಲಲ್ಲಿ ಚರೆಯನ್ನು ತುಂಬುವುದು. ಹಳೆಯ ಕೋವಿಗಳಿಗೆ ಮೆತುವಾದ ಬಿಸ್ಮತ್ತಿನ ಚರೆ, ಹೆಚ್ಚು ಬೆಲೆ ತೆರಬಲ್ಲವರಿಗೆ ಟಂಗ್‌ಸ್ಟನ್ನಿನ ಚರೆ ಬಂದವು. ಆದರೆ ಪರಿಹಾರ ಬಂದಷ್ಟು ಬೇಗ ನಂಬಿಕೆ ಬರುವುದಿಲ್ಲ. ಕೆಲವು ಪ್ರದೇಶಗಳಲ್ಲಿ 1976ರಲ್ಲಿ ಉಕ್ಕಿನ ಚರೆಯನ್ನು ಕಡ್ಡಾಯ ಮಾಡಿದಾಗ ಎದ್ದ ಪ್ರತಿಭಟನೆ ಎಷ್ಟಿತ್ತೆಂದರೆ, ಆಯಾ ರಾಜ್ಯದ ಒಪ್ಪಿಗೆಯಿಲ್ಲದೆ ಈ ನಿಯಮದ ಜಾರಿಗೆ ಕೇಂದ್ರದ ಹಣ ಖರ್ಚು ಮಾಡಕೂಡದೆಂದು 1978ರಲ್ಲಿ ಅಮೆರಿಕದ ಶಾಸನಸಭೆಯೇ ಕಟ್ಟು ಹಾಕಿತು.

ಕೊನೆಗೆ ತಕ್ಕಡಿಯನ್ನು ವಾಲಿಸಿದ್ದು ಬಾತಲ್ಲ, ಹದ್ದು. ಅಮೆರಿಕದ ರಾಷ್ಟ್ರಲಾಂಛನವಾದ ಬಿಳಿತಲೆಯ ಹದ್ದು, ಗಾಯಗೊಂಡ ಬಾತುಗಳನ್ನೂ ವಿಷವೇರಿ ಸತ್ತ ಬಾತುಗಳನ್ನೂ ತಿಂದು ತಾನೂ ಸಾಯುತ್ತಿತ್ತು. ರಾಷ್ಟ್ರೀಯ ವನ್ಯಜೀವಿ ಒಕ್ಕೂಟ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಸರ್ಕಾರ ಹಂತಹಂತವಾಗಿ ನಿಷೇಧವನ್ನು ವಿಸ್ತರಿಸಿ, 1991ರಲ್ಲಿ ದೇಶದಾದ್ಯಂತ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಲ್ಲಿಸಿತು. ಗ್ರಿನೆಲ್ಲನ ಲೇಖನದಿಂದ ಎಣಿಸಿದರೆ 97 ವರ್ಷ! ಫಲವಾದರೋ ಬೇಗನೆ ಕಂಡಿತು. 1997ರ ಒಂದೇ ಋತುವಿನಲ್ಲಿ ಸುಮಾರು 14 ಲಕ್ಷ ಬಾತುಗಳು ಸೀಸದ ಸಾವಿನಿಂದ ಉಳಿದುವೆಂದು ಅಲ್ಲಿನ ವಿಜ್ಞಾನಿಗಳು ಲೆಕ್ಕ ಹಾಕಿದರು.

ಯೂರೋಪಿನಲ್ಲಿ ನೆದರ್ಲೆಂಡ್ಸ್ 1993ರಲ್ಲಿ, ಡೆನ್ಮಾರ್ಕ್ 1996ರಲ್ಲಿ ಬೇಟೆಯ ಸೀಸದ ಚರೆಯನ್ನು ಪೂರ್ತಿಯಾಗಿ ಬಿಟ್ಟವು. ಡೆನ್ಮಾರ್ಕ್ 2024ರಲ್ಲಿ ಬಂದೂಕಿನ ಸೀಸದ ಗುಂಡನ್ನೂ ನಿಷೇಧಿಸಿತು. ಐರೋಪ್ಯ ಒಕ್ಕೂಟದ ಎಲ್ಲ ಜೌಗುಪ್ರದೇಶಗಳಲ್ಲಿ 2023ರ ಫೆಬ್ರವರಿಯಿಂದ ಸೀಸದ ಚರೆ ಹಾರಿಸುವಂತಿಲ್ಲ. ಹಾಗೆಂದು ದಾರಿ ಎಲ್ಲ ಕಡೆಯೂ ನೇರವಾಗಿಲ್ಲ: ನಾರ್ವೆ 2005ರಲ್ಲಿ ಪೂರ್ಣ ನಿಷೇಧ ತಂದು, 2015ರಲ್ಲಿ ಜೌಗಿನ ಹೊರಗೆ ಅದನ್ನು ಸಡಿಲಿಸಿತು.

ಚರೆಯ ಕಥೆ ಹೀಗಾದರೆ, ಗುಂಡಿನ ಕಥೆ ಇನ್ನೂ ನಡೆಯುತ್ತಿದೆ. ಜಿಂಕೆಗೆ ಹೊಡೆದ ಸೀಸದ ಗುಂಡು ಮಾಂಸದೊಳಗೆ ನೂರಾರು ಚೂರುಗಳಾಗಿ ಸಿಡಿಯುತ್ತದೆ. ಕ್ಷಕಿರಣದ ಚಿತ್ರ ತೆಗೆದರೆ ನಕ್ಷತ್ರಗಳಂತೆ ಕಾಣುತ್ತದೆ. ಬೇಟೆಗಾರ ಕಾಡಿನಲ್ಲಿ ಬಿಟ್ಟುಹೋಗುವ ಕರುಳನ್ನು ತಿನ್ನುವುದು ರಣಹದ್ದಿನ ಜಾತಿಯ ಕಾಂಡರ್ ಪಕ್ಷಿ. ರೆಕ್ಕೆ ಬಿಚ್ಚಿದರೆ ಒಂಬತ್ತು ಅಡಿ ಮೀರುವ ಕ್ಯಾಲಿಫೋರ್ನಿಯದ ಈ ಪಕ್ಷಿ 1982ರಲ್ಲಿ ಜಗತ್ತಿನಲ್ಲೆಲ್ಲ 22 ಮಾತ್ರ ಉಳಿದಿತ್ತು. 1987ರಲ್ಲಿ ಕಾಡಿನ ಕೊನೆಯ ಹಕ್ಕಿಯನ್ನೂ ಹಿಡಿದು, ಸಾಕಿ, ಮರಿ ಮಾಡಿಸಿ, 1992ರಿಂದ ಮತ್ತೆ ಹಾರಬಿಟ್ಟರು. ಹಾರಬಿಟ್ಟ ಹಕ್ಕಿಗಳಿಗೂ ಸೀಸವೇ ಮೃತ್ಯುವಾಯಿತು. ಹಿಡಿದು ರಕ್ತ ಪರೀಕ್ಷಿಸಿ, ಔಷಧ ಕೊಟ್ಟು ಮತ್ತೆ ಬಿಡುವುದೇ ಅಲ್ಲಿನವರ ನಿತ್ಯದ ಕೆಲಸವಾಯಿತು. ಕ್ಯಾಲಿಫೋರ್ನಿಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸರಹಿತ ಮದ್ದುಗುಂಡನ್ನು ಕಡ್ಡಾಯ ಮಾಡಿತು. ಅರಿಜೋನ ಬೇರೆ ದಾರಿ ಹಿಡಿದು, ಕಾಂಡರ್ ಸಂಚರಿಸುವ ನೆಲದ ಬೇಟೆಗಾರರಿಗೆ ತಾಮ್ರದ ಗುಂಡನ್ನು ಉಚಿತವಾಗಿ ಹಂಚಿ ಬುದ್ಧಿ ಹೇಳಿತು, ಬಹುಮಂದಿ ಕೇಳಿದರು. ಮನುಷ್ಯನೂ ಈ ಲೆಕ್ಕದಿಂದ ಹೊರತಲ್ಲ. ಬಡವರಿಗೆಂದು ದಾನ ಮಾಡಿದ ಜಿಂಕೆಯ ಕೊಚ್ಚಿದ ಮಾಂಸದಲ್ಲಿ ಸೀಸದ ಚೂರು ಕಂಡುಬಂದು, 2008ರಲ್ಲಿ ಉತ್ತರ ಡಕೋಟದ ಅಧಿಕಾರಿಗಳು ಅದನ್ನು ಹಂಚಬೇಡಿರೆಂದು ಹೇಳಬೇಕಾಯಿತು.

ಗುರಿ ಅಭ್ಯಾಸದ ಮೈದಾನಗಳ ಪ್ರಶ್ನೆ ಬೇರೆ. ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯುವ ಸ್ಪರ್ಧೆಯ ತೋಟಾದಲ್ಲಿ 24 ಗ್ರಾಂ ಚರೆಯಿರುತ್ತದೆ. ದಿನಕ್ಕೆ ನೂರು ಈಡು ಹಾರಿಸಿದರೆ ಒಬ್ಬನೇ 2.4 ಕಿಲೋಗ್ರಾಂ ಸೀಸವನ್ನು ನೆಲಕ್ಕೆ ಬಿತ್ತಿದಂತಾಯಿತು. ಮುಚ್ಚಿದ ಕೋಣೆಯಲ್ಲಿ ಅಭ್ಯಾಸ ಮಾಡುವವರಾದರೆ ಗುಂಡಿನ ಧೂಳನ್ನೂ, ಮದ್ದಿಗೆ ಕಿಡಿ ಹಚ್ಚುವ ಕೇಪಿನ ಸೀಸದ ಹೊಗೆಯನ್ನೂ ಉಸಿರಾಡುತ್ತಾರೆ. ಸೀಸವಿಲ್ಲದ ಕೇಪುಗಳು ಬಂದಿವೆ. ಅಮೆರಿಕದ ಸೈನ್ಯವೇ 2010ರಲ್ಲಿ ಸೀಸ ಬಿಟ್ಟು ತಾಮ್ರದ ತಿರುಳಿನ ಗುಂಡನ್ನು ಹಿಡಿಯಿತು.

ನಮ್ಮ ದೇಶದಲ್ಲಿ ಬೇಟೆಯ ಪ್ರಶ್ನೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇರೊಂದು ರೀತಿಯಲ್ಲಿ ಬಗೆಹರಿಸಿತು. ಪರವಾನಗಿಯ ಬೇಟೆಯೂ 1991ರ ತಿದ್ದುಪಡಿಯಿಂದ ನಿಂತಿತು. ಆದರೆ ಅದಕ್ಕೆ ಹಿಂದಿನ ಕಾಲದ ಒಂದು ಗುರುತು ಭರತಪುರದ ಪಕ್ಷಿಧಾಮದಲ್ಲಿ ಇಂದಿಗೂ ಇದೆ. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಮೇಳದಲ್ಲಿ 4,273 ಹಕ್ಕಿಗಳು ಬಿದ್ದುವೆಂದು ಅಲ್ಲಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ. ಆ ದಿನ ನೀರಿಗೆ ಬಿದ್ದ ಸೀಸದ ಲೆಕ್ಕ ಮಾತ್ರ ಆ ಕಲ್ಲಿನ ಮೇಲಿಲ್ಲ. ಬೇಟೆಯ ಚರಿತ್ರೆಯಲ್ಲಿ ಬಹುಕಾಲ ಬಿಟ್ಟುಹೋದದ್ದು ಈ ಎರಡನೆಯ ಲೆಕ್ಕವೇ. ಬಿದ್ದ ಹಕ್ಕಿಯನ್ನು ಎಣಿಸುವುದು ಸುಲಭ. ಗುರಿ ತಪ್ಪಿದ ಚರೆ ಮುಂದೆ ಏನು ಮಾಡಿತೆಂದು ವಿಚಾರಿಸುವುದಕ್ಕೆ ಮನುಷ್ಯನಿಗೆ ಒಂದು ಶತಮಾನ ಹಿಡಿಯಿತು.