ಗ್ಲುಟೆನ್‌ರಹಿತ ಬ್ರೆಡ್

ಗ್ಲುಟೆನ್‌ರಹಿತ ಬ್ರೆಡ್ ಎಂಬುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳನ್ನು ಬಳಸದೆ ಅಕ್ಕಿ, ಜೋಳ, ರಾಗಿ, ಮೆಕ್ಕೆಜೋಳ, ಮರಗೆಣಸು, ಆಲೂಗಡ್ಡೆ ಮೊದಲಾದವುಗಳ ಹಿಟ್ಟು ಅಥವಾ ಪಿಷ್ಟದಿಂದ ತಯಾರಿಸುವ ಬ್ರೆಡ್. ಇದು ಮುಖ್ಯವಾಗಿ ಸೀಲಿಯಾಕ್ ರೋಗವುಳ್ಳವರ ಆಹಾರವಾಗಿದೆ. ಈ ರೋಗದಲ್ಲಿ ಗ್ಲುಟೆನ್ ಸೇವನೆಯಿಂದ ಕೆರಳಿದ ರೋಗನಿರೋಧಕ ವ್ಯವಸ್ಥೆಯು ಸಣ್ಣ ಕರುಳಿನ ಒಳಪದರವನ್ನೇ ಹಾನಿಗೊಳಿಸುತ್ತದೆ. ಅದರ ಫಲವಾಗಿ ಅತಿಸಾರ, ರಕ್ತಹೀನತೆ, ಮಕ್ಕಳಲ್ಲಿ ಬೆಳವಣಿಗೆಯ ಕುಂಠನ ಮುಂತಾದ ತೊಂದರೆಗಳು ಉಂಟಾಗುತ್ತವೆ. ಜೀವನಪರ್ಯಂತ ಗ್ಲುಟೆನ್ ವರ್ಜಿಸುವುದೇ ಇದಕ್ಕೆ ಸದ್ಯಕ್ಕಿರುವ ಸ್ಥಾಪಿತ ಚಿಕಿತ್ಸೆ. ಆದ್ದರಿಂದ ಇಂತಹ ಬ್ರೆಡ್ಡನ್ನು ರುಚಿಯ ಬದಲಾವಣೆಗೆಂದು ತಿನ್ನುವವರಿಗೂ ಪಥ್ಯವೆಂದು ತಿನ್ನುವವರಿಗೂ ಬಹಳ ಅಂತರವಿದೆ. ಎರಡನೆಯವರಿಗೆ ಅದರ ಶುದ್ಧಿಯೇ ಪ್ರಧಾನ.

ಗ್ಲುಟೆನ್ನಿನ ಪಾತ್ರ

ಗೋಧಿಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಹಿಗ್ಗುವ ಗುಣವುಳ್ಳ ಜಾಲವಾಗುತ್ತವೆ. ಯೀಸ್ಟ್ ಬಿಡುಗಡೆ ಮಾಡುವ ಇಂಗಾಲದ ಡೈಆಕ್ಸೈಡ್ ಈ ಜಾಲದಲ್ಲಿ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಕಣಕದ ಮುದ್ದೆಯನ್ನು ನೀರಿನಲ್ಲಿ ಹಿಸುಕಿ ತೊಳೆದರೆ ಪಿಷ್ಟವು ಹಾಲಿನಂತೆ ಹರಿದುಹೋಗಿ ರಬ್ಬರಿನಂತಹ ಅಂಟು ಕೈಯಲ್ಲಿ ಉಳಿಯುತ್ತದೆ. ಇಟಲಿಯ ಬೊಲೋನ್ಯಾದ ವಿದ್ವಾಂಸ ಯಾಕೊಪೊ ಬಾರ್ತೊಲೊಮಿಯೊ ಬೆಕ್ಕಾರಿ ಈ ವಿಧಾನವನ್ನು ವಿವರಿಸಿದ ಬರಹವು 1745ರಲ್ಲಿ ಪ್ರಕಟವಾಯಿತು. ಇಂದಿಗೂ ಶಾಲೆಯ ಮಕ್ಕಳು ಸುಲಭವಾಗಿ ಮಾಡಿನೋಡಬಹುದಾದ ಪ್ರಯೋಗವಿದು.

ಅಕ್ಕಿ, ಜೋಳ, ರಾಗಿಗಳಲ್ಲಿಯೂ ಪ್ರೋಟೀನು ಇದೆಯಾದರೂ ಅದು ಇಂತಹ ಜಾಲವನ್ನು ಕಟ್ಟುವುದಿಲ್ಲ. ಚಪಾತಿಯನ್ನು ಲಟ್ಟಿಸುವಂತೆ ಜೋಳದ ರೊಟ್ಟಿಯನ್ನು ಎಳೆದು ಹಿಗ್ಗಿಸಲಾಗದೆ ಕೈಯಿಂದ ತಟ್ಟಬೇಕಾಗುವುದಕ್ಕೆ ಕಾರಣವೂ ಇದೇ. ಗೋಧಿಹಿಟ್ಟಿನ ಬದಲಿಗೆ ಅಷ್ಟೇ ತೂಕದ ಅಕ್ಕಿಹಿಟ್ಟನ್ನು ಹಾಕಿ ಉಳಿದುದೆಲ್ಲವನ್ನೂ ಮೊದಲಿನಂತೆಯೇ ಮಾಡಿದರೆ ದೊರೆಯುವುದು ಬ್ರೆಡ್ ಅಲ್ಲ, ಇಟ್ಟಿಗೆ. ಗ್ಲುಟೆನ್‌ರಹಿತ ಬ್ರೆಡ್ಡನ್ನು ಗೋಧಿ ಬ್ರೆಡ್ಡಿನ ಕೊರತೆಯ ರೂಪವೆಂದು ಭಾವಿಸದೆ ಬೇರೆಯದೇ ರಚನೆಯ ತಿನಿಸೆಂದು ತಿಳಿದಾಗ ಮಾತ್ರ ಅದು ಕೈಗೆ ಹತ್ತುತ್ತದೆ.

ಹಿನ್ನೆಲೆ

ಸೀಲಿಯಾಕ್ ರೋಗದ ಲಕ್ಷಣಗಳನ್ನು 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಸ್ಪಷ್ಟವಾಗಿ ದಾಖಲಿಸಿ, ರೋಗಿಯು ಗುಣವಾಗುವುದಾದರೆ ಅದು ಆಹಾರದಿಂದಲೇ ಆಗಬೇಕೆಂದು ಅಭಿಪ್ರಾಯಪಟ್ಟರು. ಆದರೆ ಯಾವ ಆಹಾರ ಎಂಬುದು ಬಹುಕಾಲ ತಿಳಿಯಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಸೂಚಿಸಿದರು. ಅದರಿಂದ ಅನೇಕ ಮಕ್ಕಳು ಚೇತರಿಸಿಕೊಂಡರು. ಗುಣ ಬಾಳೆಹಣ್ಣಿನದಾಗಿರಲಿಲ್ಲ, ಆ ಪಥ್ಯದಲ್ಲಿ ಬ್ರೆಡ್ ಇಲ್ಲದಿರುವುದರದಾಗಿತ್ತು.

ದೋಷ ಗೋಧಿಯಲ್ಲಿದೆ ಎಂದು ತೋರಿಸಿಕೊಟ್ಟವರು ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರು 1930ರ ದಶಕದಲ್ಲಿಯೇ ಗೋಧಿಯಿಲ್ಲದ ಆಹಾರವನ್ನು ಪರೀಕ್ಷಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಭೀಕರ ಕ್ಷಾಮ ತಲೆದೋರಿ ಬ್ರೆಡ್ ದುರ್ಲಭವಾಯಿತು. ದೇಶವೇ ಹಸಿದಿದ್ದ ಆ ದಿನಗಳಲ್ಲಿ ಸೀಲಿಯಾಕ್ ರೋಗದ ಮಕ್ಕಳು ಸುಧಾರಿಸಿದರು. ಬ್ರೆಡ್ ಪೂರೈಕೆ ಮರಳಿದಾಗ ರೋಗವೂ ಮರಳಿತು. ಡಿಕ್ಕೆಯವರು ತಮ್ಮ ನಿಷ್ಕರ್ಷೆಗಳನ್ನು 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್ ಪ್ರಬಂಧವಾಗಿ ಸಲ್ಲಿಸಿದರು. ಅನಂತರ ಸಹೋದ್ಯೋಗಿಗಳೊಡನೆ ನಡೆಸಿದ ಅಧ್ಯಯನಗಳಲ್ಲಿ ಹಾನಿಕರ ಅಂಶವು ಪಿಷ್ಟವಲ್ಲ, ಗ್ಲುಟೆನ್ ಎಂಬುದು ಖಚಿತವಾಯಿತು.

ಜಾಲಕ್ಕೆ ಬದಲಿ

ಗ್ಲುಟೆನ್ ಮಾಡುವ ಕೆಲಸವನ್ನು ಬೇರೊಂದು ಪದಾರ್ಥಕ್ಕೆ ವಹಿಸುವುದೇ ಈ ಬ್ರೆಡ್ಡಿನ ಮರ್ಮ. ದಕ್ಷಿಣ ಭಾರತದವರಿಗೆ ಇದು ಹೊಸತಲ್ಲ. ಇಡ್ಲಿಯ ಹಿಟ್ಟು ಹುದುಗಿ ಉಬ್ಬುವಾಗ ಗಾಳಿಗುಳ್ಳೆಗಳನ್ನು ಹಿಡಿದಿಡುವುದು ಉದ್ದಿನಬೇಳೆಯ ಲೋಳೆ ಮತ್ತು ಪ್ರೋಟೀನು. ಜೋಳದ ರೊಟ್ಟಿಗೆ ಕುದಿಯುವ ನೀರು ಹಾಕಿದಾಗ ಪಿಷ್ಟದ ಒಂದು ಭಾಗ ಬೆಂದು ಅಂಟಾಗಿ, ಹಿಟ್ಟಿಗೆ ತಟ್ಟಲು ಬೇಕಾದ ಜಿಗುಟು ಬರುತ್ತದೆ.

ಬ್ರೆಡ್ಡಿಗೆ ಇಂದು ಹೆಚ್ಚಾಗಿ ಬಳಕೆಯಾಗುವುದು ಇಸಬ್‌ಗೋಲ್ ಬೀಜದ ಹೊಟ್ಟು. ನೀರು ಸೋಕಿದೊಡನೆ ಲೋಳೆಯಾಗುವ ಈ ಹೊಟ್ಟನ್ನು ಜಗತ್ತಿನಲ್ಲಿ ಅತಿ ಹೆಚ್ಚು ಉತ್ಪಾದಿಸುವ ದೇಶ ಭಾರತ. ಮಲಬದ್ಧತೆಗೆಂದು ಔಷಧಿ ಅಂಗಡಿಗಳಲ್ಲಿ ಮಾರುವುದೂ ಇದನ್ನೇ. ಆದರೆ ಸಕ್ಕರೆ, ಪರಿಮಳ ಸೇರಿಸಿದ ಬಗೆ ಬ್ರೆಡ್ಡಿಗೆ ಸಲ್ಲದು. ಕಾರ್ಖಾನೆಯ ಬ್ರೆಡ್ಡುಗಳಲ್ಲಿ ಕ್ಸಾಂಥನ್ ಗಮ್ ಎಂಬ, ಬ್ಯಾಕ್ಟೀರಿಯಾ ಹುದುಗುವಿಕೆಯಿಂದ ದೊರೆಯುವ ಅಂಟು ಸಾಮಾನ್ಯ. ಮೊಟ್ಟೆ ತಿನ್ನುವವರು ಅದರ ಬಿಳಿಯನ್ನೂ ಸೇರಿಸುವುದುಂಟು.

ಹಿಟ್ಟುಗಳಲ್ಲಿ ಯಾವುದೊಂದೂ ಏಕಾಂಗಿಯಾಗಿ ತೃಪ್ತಿಕರವಲ್ಲ. ಅಕ್ಕಿಹಿಟ್ಟು ಮಾತ್ರವಾದರೆ ಬ್ರೆಡ್ ಪುಡಿಯಾಗುತ್ತದೆ. ಮರಗೆಣಸಿನ ಪಿಷ್ಟ ಅತಿಯಾದರೆ ರಬ್ಬರಿನಂತಾಗುತ್ತದೆ. ರಾಗಿ ಹೆಚ್ಚಾದರೆ ಭಾರವಾಗುತ್ತದೆ. ಆದರೂ ರಾಗಿ ಅಥವಾ ಜೋಳ ಸ್ವಲ್ಪವಾದರೂ ಇರುವುದು ಒಳ್ಳೆಯದು. ಬರೀ ಪಿಷ್ಟದ ಬ್ರೆಡ್ಡಿನಲ್ಲಿ ನಾರು, ಖನಿಜಾಂಶ ಕಡಿಮೆ, ಮತ್ತು ಮಧುಮೇಹಿಗಳಿಗೆ ಅದು ಹಿತವಲ್ಲ.

ಮನೆಯಲ್ಲಿ ತಯಾರಿಕೆ

ಸುಮಾರು 20 ಸೆಂ.ಮೀ. ಉದ್ದದ ಒಂದು ಅಚ್ಚಿಗೆ ಅಕ್ಕಿಹಿಟ್ಟು 200 ಗ್ರಾಂ, ಮರಗೆಣಸಿನ ಪಿಷ್ಟ 120 ಗ್ರಾಂ, ಜೋಳದ ಅಥವಾ ರಾಗಿಯ ಹಿಟ್ಟು 80 ಗ್ರಾಂ, ಇಸಬ್‌ಗೋಲ್ ಹೊಟ್ಟು 20 ಗ್ರಾಂ, ಒಣ ಯೀಸ್ಟ್ 7 ಗ್ರಾಂ, ಉಪ್ಪು 7 ಗ್ರಾಂ, ಸಕ್ಕರೆ ಒಂದು ದೊಡ್ಡ ಚಮಚ, ಎಣ್ಣೆ ಎರಡು ದೊಡ್ಡ ಚಮಚ ಮತ್ತು ನೀರು 420 ಮಿ.ಲೀ. ಬೇಕಾಗುತ್ತದೆ. ಲೋಟದ ಅಳತೆಗಿಂತ ತಕ್ಕಡಿಯ ತೂಕವೇ ಇಲ್ಲಿ ನಂಬಿಕಸ್ಥ. ಹಿಟ್ಟಿನ ತೂಕಕ್ಕಿಂತ ನೀರಿನ ತೂಕ ಹೆಚ್ಚಾಗಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಹೊಟ್ಟು ಆ ನೀರನ್ನು ಹೀರಿಕೊಳ್ಳುತ್ತದೆ.

ಯೀಸ್ಟ್ ಮತ್ತು ಸಕ್ಕರೆಯನ್ನು ಉಗುರುಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಕದಡಿ ನೊರೆಯೇಳಲು ಹತ್ತು ನಿಮಿಷ ಬಿಡಬೇಕು. ಉಳಿದ ನೀರಿಗೆ ಇಸಬ್‌ಗೋಲ್ ಹಾಕಿ ಕೈಬಿಡದೆ ಕಲಕಿದರೆ ಗಂಟಿಲ್ಲದ ಲೋಳೆಯಾಗುತ್ತದೆ. ಇವೆರಡನ್ನೂ ಎಣ್ಣೆಯೊಡನೆ ಹಿಟ್ಟುಗಳಿಗೆ ಸೇರಿಸಿ ಬಲವಾದ ಸೌಟಿನಿಂದ ಐದಾರು ನಿಮಿಷ ಚೆನ್ನಾಗಿ ಬೆರೆಸಬೇಕು. ನಾದುವ ಅಗತ್ಯವಿಲ್ಲ, ಏಕೆಂದರೆ ನಾದಿ ಬಲಪಡಿಸಲು ಗ್ಲುಟೆನ್ನೇ ಇಲ್ಲ. ಮಿಶ್ರಣವು ಚಪಾತಿ ಕಣಕದಂತಿರದೆ ವಡೆಯ ಹಿಟ್ಟಿನಂತೆ ಮೆತ್ತಗಿರುತ್ತದೆ. ಇದನ್ನು ನೇರವಾಗಿ ಎಣ್ಣೆ ಸವರಿದ ಅಚ್ಚಿಗೆ ತುಂಬಿ, ಒದ್ದೆ ಕೈಯಿಂದ ಮೇಲ್ಭಾಗವನ್ನು ಸಮಗೊಳಿಸಿ, ಮುಚ್ಚಿಡಬೇಕು.

ಗೋಧಿ ಬ್ರೆಡ್ಡಿನ ಹಿಟ್ಟನ್ನು ಎರಡು ಸಲ ಉಬ್ಬಿಸುವುದು ರೂಢಿ. ಇದಕ್ಕೆ ಒಂದೇ ಸಲ ಸಾಕು. ಬೆಚ್ಚಗಿನ ಸ್ಥಳದಲ್ಲಿ 40ರಿಂದ 60 ನಿಮಿಷಗಳಲ್ಲಿ ಅದು ಮೊದಲಿನ ಒಂದೂವರೆ ಪಟ್ಟಿನಷ್ಟಾದಾಗ, ಮೊದಲೇ ಕಾಯಿಸಿಟ್ಟ 200 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕು. ಮೇಲ್ಭಾಗ ಕೆಂಪಾಯಿತೆಂದು ಬೇಗ ಹೊರತೆಗೆಯುವುದು ತರವಲ್ಲ. ಅಡುಗೆಯ ಉಷ್ಣಮಾಪಕವಿದ್ದರೆ ಒಳಗಿನ ಉಷ್ಣತೆ 97 ಡಿಗ್ರಿಯ ಆಸುಪಾಸಿಗೆ ಬಂದಿರಬೇಕು. ಪೂರ್ಣ ತಣಿಯುವವರೆಗೆ, ಅಂದರೆ ಕನಿಷ್ಠ ಎರಡು ಗಂಟೆ, ಕೊಯ್ಯಬಾರದು. ಬಿಸಿಯಲ್ಲಿ ಮೆತುವಾಗಿದ್ದ ಪಿಷ್ಟ ಗಟ್ಟಿಗೊಳ್ಳುವುದು ತಣಿಯುವಾಗಲೇ. ಅವಸರಪಟ್ಟರೆ ಚಾಕುವಿಗೆ ಅಂಟುವ ಮುದ್ದೆ ಸಿಗುತ್ತದೆ.

ನಡುಭಾಗ ಕುಸಿದರೆ ನೀರು ಹೆಚ್ಚಾಗಿರಬಹುದು ಅಥವಾ ಹಿಟ್ಟು ಅತಿಯಾಗಿ ಉಬ್ಬಿರಬಹುದು. ಹಿಟ್ಟು ತರಿಯಾಗಿದ್ದರೆ ತಿನ್ನುವಾಗ ಮರಳಿನಂತೆನಿಸುತ್ತದೆ. ಈ ಬ್ರೆಡ್ ಬೇಗ ಒಣಗುವುದರಿಂದ ಮರುದಿನಕ್ಕೆ ಉಳಿಯುವುದನ್ನು ಹೋಳು ಮಾಡಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಕಾವಲಿಯ ಮೇಲೆ ಬಿಸಿಮಾಡುವುದು ಲೇಸು. ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಇನ್ನಷ್ಟು ಬೇಗ ಗಡುಸಾಗುತ್ತದೆ.

ಬೆರಕೆಯ ಅಪಾಯ

ಒಂದು ಹೋಳು ಗೋಧಿ ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ದಿನವೂ ಅದರ ನಲವತ್ತನೆಯ ಒಂದು ಭಾಗ, ಅಂದರೆ 50 ಮಿಲಿಗ್ರಾಂ, ಒಳಹೋದರೂ ಸೀಲಿಯಾಕ್ ರೋಗಿಯ ಕರುಳಿಗೆ ಹಾನಿಯಾಗಬಲ್ಲದು. ಹೀಗಾಗಿ ಹಿಟ್ಟಿನ ಆಯ್ಕೆಯಷ್ಟೇ ಮುಖ್ಯವಾದುದು ಅದು ಎಲ್ಲಿ ಬೀಸಲ್ಪಟ್ಟಿತು ಎಂಬುದು. ಕರ್ನಾಟಕದ ಊರುಗಳ ಹಿಟ್ಟಿನ ಗಿರಣಿಗಳಲ್ಲಿ ಗೋಧಿಯ ನಂತರ ಅದೇ ಕಲ್ಲಿಗೆ ರಾಗಿ, ಜೋಳ ಸುರಿಯುವುದು ಸಾಮಾನ್ಯ; ಶುದ್ಧ ರಾಗಿಯೂ ಅಲ್ಲಿ ಗೋಧಿಮಿಶ್ರಿತವಾಗುತ್ತದೆ. ರೋಗಿಯಿರುವ ಮನೆಯವರು ಧಾನ್ಯವನ್ನು ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲಿಯೇ ಬೀಸಿಕೊಳ್ಳುವುದು ಸುರಕ್ಷಿತ. ಜರಡಿ, ಲಟ್ಟಣಿಗೆ, ಬ್ರೆಡ್ಡಿನ ಅಚ್ಚು ಇವು ಪ್ರತ್ಯೇಕವಾಗಿರಬೇಕು.

ಅಡುಗೆಮನೆಯಲ್ಲಿ ಅಡಗಿರುವ ಗೋಧಿಯೂ ಕಡಿಮೆಯಲ್ಲ. ಅಂಗಡಿಯ ಇಂಗಿನ ಪುಡಿಗೆ ಮೈದಾ ಬೆರೆಸುವುದು ವಾಡಿಕೆ. ಚಿರೋಟಿ ರವೆ, ಬನ್ಸಿ ರವೆ ಎರಡೂ ಗೋಧಿಯವೇ. ಅಕ್ಕಿಯಿಂದಾದ ಇಡ್ಲಿ ರವೆ ಮಾತ್ರ ಬೇರೆ. ಖಪ್ಲಿ ಗೋಧಿ ಹಳೆಯ ತಳಿಯಾದ್ದರಿಂದ ನಿರಪಾಯಕಾರಿ ಎಂಬ ಮಾತು ಕೇಳಿಬರುತ್ತದೆ, ಆದರೆ ಅದರಲ್ಲಿಯೂ ಗ್ಲುಟೆನ್ ಇದೆ. ಗೋಧಿಹಿಟ್ಟನ್ನು ದೀರ್ಘಕಾಲ ಹುದುಗಿಸಿ ಮಾಡುವ ಹುಳಿ ಬ್ರೆಡ್ ಸಹ ಸೀಲಿಯಾಕ್ ರೋಗಿಗಳಿಗೆ ವರ್ಜ್ಯ. ಓಟ್ಸ್ ಸಾಗಣೆ ಮತ್ತು ಸಂಸ್ಕರಣೆಯಲ್ಲಿ ಗೋಧಿಯೊಡನೆ ಬೆರೆಯುವ ಸಂಭವ ಹೆಚ್ಚು.

ಮಾರುಕಟ್ಟೆಯ ಬ್ರೆಡ್

ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಒಂದು ಕಿಲೋಗ್ರಾಂ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಅದನ್ನು ಗ್ಲುಟೆನ್‌ರಹಿತ ಎಂದು ಕರೆಯಬಹುದು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೂ ಇದೇ ಮಿತಿಯನ್ನು ಅನುಸರಿಸುತ್ತದೆ. ಬೇಕರಿಗಳಲ್ಲಿ ರಾಗಿ ಬ್ರೆಡ್, ಬಹುಧಾನ್ಯ ಬ್ರೆಡ್ ಎಂಬ ಹೆಸರಿನಲ್ಲಿ ಮಾರುವವುಗಳಲ್ಲಿ ಸಾಮಾನ್ಯವಾಗಿ ಮೈದಾ ಅಥವಾ ಗೋಧಿಹಿಟ್ಟೇ ಹೆಚ್ಚಿನ ಭಾಗವಾಗಿರುವುದರಿಂದ ಹೆಸರನ್ನಲ್ಲ, ಪೊಟ್ಟಣದ ಹಿಂಬದಿಯ ಪದಾರ್ಥಪಟ್ಟಿಯನ್ನು ಓದಬೇಕಾಗುತ್ತದೆ.

ರೋಗದ ಶಂಕೆಯಿದ್ದವರು ತಾವಾಗಿಯೇ ಈ ಬ್ರೆಡ್ಡಿಗೆ ಬದಲಾಗುವ ಮುನ್ನ ವೈದ್ಯರನ್ನು ಕಾಣುವುದು ಅವಶ್ಯ. ಗ್ಲುಟೆನ್ ಬಿಟ್ಟ ಮೇಲೆ ರಕ್ತಪರೀಕ್ಷೆ ಮತ್ತು ಕರುಳಿನ ಅಂಗಾಂಶ ಪರೀಕ್ಷೆಗಳಲ್ಲಿ ರೋಗ ಕಾಣಿಸದೆ ಹೋಗಬಹುದಾದ್ದರಿಂದ, ಪರೀಕ್ಷೆ ಮುಗಿಯುವವರೆಗೆ ಎಂದಿನ ಆಹಾರವನ್ನೇ ಮುಂದುವರಿಸುವಂತೆ ವೈದ್ಯರು ಸೂಚಿಸುತ್ತಾರೆ.