ಅರ್ಧಚ್ಛೇದವೂ ಲಘುಗಣಕವೂ

ಕೂಡುವುದು ಸುಲಭ, ಗುಣಿಸುವುದು ಕಷ್ಟ. ಮಗ್ಗಿ ಬಾಯಿಪಾಠ ಮಾಡಿದವರೆಲ್ಲ ಬಲ್ಲ ಮಾತಿದು. ಕಷ್ಟದ ಗುಣಾಕಾರವನ್ನು ಸುಲಭದ ಸಂಕಲನಕ್ಕೆ ಇಳಿಸುವ ಉಪಾಯವೇ ಲಘುಗಣಕ. ಅದು ಸ್ಕಾಟ್ಲೆಂಡಿನ ಜಾನ್ ನೇಪಿಯರನ ಕೊಡುಗೆಯೆಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಹೇಳುವುದು ಸರಿಯೇ. ಆದರೆ ಆ ಉಪಾಯದ ಬೀಜ ನಮ್ಮ ಮೂಡಬಿದರೆಯ ಓಲೆಗರಿಗಳಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿ, ಶತಮಾನಗಳ ಕಾಲ ಇತ್ತೆಂಬುದನ್ನು ಬಲ್ಲವರು ಕಡಮೆ. ಕನ್ನಡ ಪಾಠ ಹೇಳುವ ನಾನು ಈ ಗಣಿತದ ಗೊಡವೆಗೆ ಬಂದದ್ದು ಆ ಲಿಪಿಯ ದೆಸೆಯಿಂದಲೇ.

ಆ ಗ್ರಂಥ ‘ಧವಲಾ’. ‘ಷಟ್ಖಂಡಾಗಮ’ವೆಂಬ ಜೈನ ಸಿದ್ಧಾಂತಗ್ರಂಥಕ್ಕೆ ವೀರಸೇನಾಚಾರ್ಯರು ಪ್ರಾಕೃತ-ಸಂಸ್ಕೃತಗಳನ್ನು ಬೆರೆಸಿ ಬರೆದ ಟೀಕೆ ಅದು. ಅದರ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 816 ಎಂದು ಹೇಳುತ್ತಾರೆ. ಇವರ ಶಿಷ್ಯ ಜಿನಸೇನರೇ ರಾಷ್ಟ್ರಕೂಟ ನೃಪತುಂಗನ ಗುರುಗಳು.

ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಅದು ಆ ಸಂಖ್ಯೆಯ ‘ಅರ್ಧಚ್ಛೇದ’. 32ನ್ನು ಅರ್ಧಿಸುತ್ತ ಹೋದರೆ 16, 8, 4, 2, 1. ಆದ್ದರಿಂದ ಅದರ ಅರ್ಧಚ್ಛೇದ 5. ಇಂದಿನ ಮಾತಿನಲ್ಲಿ ಇದು ಎರಡನ್ನು ಆಧಾರವಾಗಿಟ್ಟ ಲಘುಗಣಕ. ಗುಣಲಬ್ಧದ ಅರ್ಧಚ್ಛೇದ ಬೇಕಾದರೆ ಎರಡರ ಅರ್ಧಚ್ಛೇದಗಳನ್ನು ಕೂಡು, ಭಾಗಲಬ್ಧದ್ದು ಬೇಕಾದರೆ ಕಳೆ ಎಂಬ ನಿಯಮಗಳು ಧವಲಾದಲ್ಲಿವೆ. ಒಂದು ಸಂಖ್ಯೆಯನ್ನು ಅದರಷ್ಟೇ ಘಾತಕ್ಕೆ ಏರಿಸುವ ‘ವರ್ಗಿತ-ಸಂವರ್ಗಿತ’ವೂ ಉಂಟು. ಎರಡನ್ನು ಹೀಗೆ ಏರಿಸಿದರೆ 4. ನಾಲ್ಕನ್ನು ಏರಿಸಿದರೆ 256. ಮೂರನೆಯ ಸಲ 256ರ 256ನೆಯ ಘಾತ. ಅದನ್ನು ಬರೆಯಲು 617 ಅಂಕಿಗಳು ಬೇಕು. ಆದರೆ ಅದರ ಅರ್ಧಚ್ಛೇದ 256ನ್ನು 8ರಿಂದ ಗುಣಿಸಿದಷ್ಟು ಮಾತ್ರ, ಎಂದರೆ 2048!

ಇದೇ ಉಪಾಯದಿಂದ ಏಕಕಾಲಿಕ ಸಮೀಕರಣಗಳೂ ಹಗುರಾಗುತ್ತವೆ. ನಾನೇ ಕಟ್ಟಿದ ಲೆಕ್ಕವೊಂದನ್ನು ನೋಡಿ: ಎರಡು ಸಂಖ್ಯೆಗಳ ಗುಣಲಬ್ಧ 128, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ 8. ಅರ್ಧಚ್ಛೇದಗಳಿಗೆ ಇಳಿಸಿದರೆ ಮೊತ್ತ 7, ಅಂತರ 3. ಮೊತ್ತವೂ ಅಂತರವೂ ತಿಳಿದ ಮೇಲೆ ದಾರಿ ಸುಗಮ. ನೃಪತುಂಗನ ಆಳ್ವಿಕೆಯಲ್ಲೇ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯರಿಗೆ ತಿಳಿದಿದ್ದ ‘ಸಂಕ್ರಮಣ’ ಇದೇ: ಕೂಡಿಸಿ ಅರ್ಧಿಸಿದರೆ 5, ಕಳೆದು ಅರ್ಧಿಸಿದರೆ 2. ಐದು ಅರ್ಧಚ್ಛೇದದ ಸಂಖ್ಯೆ 32, ಎರಡರದು 4. ಒಂದೇ ಕಾಲದ ಎರಡು ಗ್ರಂಥಗಳ ಮಾತನ್ನು ಜೋಡಿಸಿದ್ದಷ್ಟೇ ನನ್ನ ಕೆಲಸ.

ಹಾಗಾದರೆ ನೇಪಿಯರನ ಹಿರಿಮೆಯೇನು? ಅವನು ಸುಮಾರು ಇಪ್ಪತ್ತು ವರ್ಷ ದುಡಿದು 1614ರಲ್ಲಿ ಕೋಷ್ಟಕಗಳನ್ನು ಪ್ರಕಟಿಸಿದ. ಮರುವರ್ಷ ಲಂಡನ್ನಿನ ಹೆನ್ರಿ ಬ್ರಿಗ್ಸ್ ಎಡಿನ್‌ಬರೋಗೆ ಹೋಗಿ ಅವನನ್ನು ಕಂಡ. ಹತ್ತನ್ನು ಆಧಾರವಾಗಿಸುವುದೆಂದು ಇಬ್ಬರೂ ಒಪ್ಪಿದರು. 1617ರಲ್ಲಿ ನೇಪಿಯರ್ ತೀರಿಕೊಂಡ. ಬ್ರಿಗ್ಸ್ 1624ರಲ್ಲಿ 30,000 ಸಂಖ್ಯೆಗಳ ಲಘುಗಣಕಗಳನ್ನು ಹದಿನಾಲ್ಕು ದಶಮಾಂಶ ಸ್ಥಾನಗಳವರೆಗೆ ಕೊಟ್ಟ. 1627ರ ಕೆಪ್ಲರನ ಗ್ರಹಕೋಷ್ಟಕಗಳಲ್ಲಿ ಲಘುಗಣಕ ಬಳಕೆಗೆ ಬಂದಿತ್ತು.

ಅರ್ಧಚ್ಛೇದ 32ಕ್ಕೆ ಒಪ್ಪುತ್ತದೆ; 33ಕ್ಕೇನು ಮಾಡುವುದು? ಎರಡು ಘಾತಗಳ ನಡುವಣ ಸಂಖ್ಯೆಗಳಿಗೆಲ್ಲ ಬೆಲೆ ಕಟ್ಟಿ ಕೋಷ್ಟಕ ಮಾಡಿದಾಗಲೇ ನಾವಿಕನ, ಜ್ಯೋತಿಷಿಯ ಕೈಗೆ ಉಪಕರಣ ಸಿಕ್ಕಿತು. ವೀರಸೇನರಿಗೆ ಆ ಉಪಕರಣ ಬೇಕಿರಲಿಲ್ಲ. ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ಮಹಾರಾಶಿಗಳನ್ನು ಒಂದರೊಡನೊಂದು ಹೋಲಿಸಿ ನೋಡುವುದು ಅವರ ಗುರಿ. ಅಲ್ಲಿ ಅರ್ಧಚ್ಛೇದ ಸಾಕಾಯಿತು. ಒಬ್ಬರ ಗಣಿತವನ್ನು ಅನಂತ ಕರೆಯಿತು, ಇನ್ನೊಬ್ಬನದನ್ನು ಅಗತ್ಯ ಕರೆಯಿತು. ಎಲ್ಲವೂ ಮೊದಲು ನಮ್ಮಲ್ಲೇ ಇತ್ತೆಂದು ಬೀಗುವವರೂ, ನಮ್ಮಲ್ಲೇನಿತ್ತೆಂದು ಮೂಗು ಮುರಿಯುವವರೂ ಈ ಭೇದವನ್ನು ಮರೆಯುತ್ತಾರೆ.

ಧವಲಾದ ಓಲೆಗಳು ಬಹುಕಾಲ ಯಾತ್ರಿಕರ ದರ್ಶನಕ್ಕೆ ಮಾತ್ರ ಮೀಸಲಾಗಿದ್ದವು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಲಕ್ನೋ ವಿಶ್ವವಿದ್ಯಾಲಯದ ಅವಧೇಶ ನಾರಾಯಣ ಸಿಂಗರು ಅದರ ಗಣಿತವನ್ನು ವಿವರಿಸಿದ್ದು 1942ರ ನಾಲ್ಕನೆಯ ಸಂಪುಟದಲ್ಲಿ. ಆ ವೇಳೆಗೆ ನೇಪಿಯರನ ಕೋಷ್ಟಕಕ್ಕೆ ಮುನ್ನೂರು ವರ್ಷ ದಾಟಿತ್ತು. ಓಲೆಗಳನ್ನು ಗೆದ್ದಲಿಗೆ ಬಿಡದೆ ಕಾಪಾಡಿದ ಭಕ್ತಿಗೆ ನಾವು ಋಣಿಗಳು. ಆದರೆ ಗ್ರಂಥಕ್ಕೆ ಪೂಜೆಯ ಜತೆಗೆ ಓದುಗನೂ ಬೇಕು. ಓದುಗನಿಲ್ಲದ ಗ್ರಂಥದಲ್ಲಿ ಬೀಜ ಬೀಜವಾಗಿಯೇ ಉಳಿಯುತ್ತದೆ.