ನೈಲ್ಸ್‌ಫ್ಲೇ ಸವನ್ನಾ

ದಕ್ಷಿಣ ಆಫ್ರಿಕದ ಲಿಂಪೊಪೊ ಪ್ರಾಂತದಲ್ಲಿ ನೈಲ್ ಎಂಬ ಸಣ್ಣ ಹೊಳೆಯ ಬಯಲಿನಲ್ಲಿರುವ ಸಂರಕ್ಷಿತ ಪ್ರದೇಶ. ಇಲ್ಲಿನ ಜೌಗು ನೀರುಹಕ್ಕಿಗಳಿಗೆ ಹೆಸರಾಗಿದ್ದು, 1998ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸಸ್ಯವಿಜ್ಞಾನಿಗಳಿಗೆ ಮಾತ್ರ ಜೌಗಿಗಿಂತ ಪಕ್ಕದ ಮರಳುನೆಲದ ಕುರುಚಲು ಕಾಡೇ ಮುಖ್ಯ. ನೀರೂ ಮಣ್ಣಿನ ಸಾರವೂ ಸೇರಿ ಸವನ್ನಾವನ್ನು ಹೇಗೆ ರೂಪಿಸುತ್ತವೆ ಎಂಬುದನ್ನು ಇಷ್ಟು ಕೂಲಂಕಷವಾಗಿ ಅಳೆದ ಜಾಗಗಳು ಕಡಿಮೆ. 1974ರಲ್ಲಿ ಆರಂಭವಾದ ಅಧ್ಯಯನದ ಫಲಿತಾಂಶಗಳನ್ನು ರಾಬರ್ಟ್ ಸ್ಕೋಲ್ಸ್ ಮತ್ತು ಬ್ರಯನ್ ವಾಕರ್ 1993ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಎರಡು ಬಗೆಯ ಕಾಡು

ವರ್ಷದ ಮಳೆ 600 ಮಿಮೀಗಿಂತ ತುಸು ಹೆಚ್ಚು. ಬಹುಪಾಲು ಬೀಳುವುದು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಮರಳುಗಲ್ಲು ಸವೆದು ಉಂಟಾದ ಬಡ ಮಣ್ಣಿನಲ್ಲಿ ಬುರ್ಕಿಯ ಆಫ್ರಿಕಾನ, ನಮ್ಮ ಮತ್ತಿಯ ಕುಲಕ್ಕೆ ಸೇರಿದ ಟರ್ಮಿನೇಲಿಯ ಸೆರಿಸಿಯ ಮೊದಲಾದ ಅಗಲೆಲೆಯ ಮರಗಳಿವೆ. ಇವುಗಳ ಎಲೆಯಲ್ಲಿ ಟ್ಯಾನಿನ್ ಹೆಚ್ಚು, ಸಾರಜನಕ ಕಡಿಮೆ. ಹುಲ್ಲೂ ಒರಟು. ಮೇಯದೆ ಉಳಿದದ್ದು ಒಣಗಿ ಕಾಳ್ಗಿಚ್ಚಿನ ಪಾಲಾಗುತ್ತದೆ. ಇದೇ ನೆಲದಲ್ಲಿ ಗಿಫ್‌ಬ್ಲಾರ್ ಎಂಬ ಗಿಡದ ಕಾಂಡವೆಲ್ಲ ಮಣ್ಣಿನೊಳಗೇ ಇದ್ದು, ಮಳೆ ಬರುವ ಮುನ್ನವೇ ಹಸಿರೆಲೆಗಳು ನೆಲದ ಮಟ್ಟದಲ್ಲಿ ಚಿಗುರುತ್ತವೆ. ಬೇರೆ ಮೇವಿಲ್ಲದ ಆ ದಿನಗಳಲ್ಲಿ ಅದಕ್ಕೆ ಬಾಯಿ ಹಾಕಿದ ದನ ಫ್ಲೋರೊಅಸಿಟೇಟ್ ವಿಷದಿಂದ ಸಾಯುತ್ತದೆ.

ಈ ಕಾಡಿನ ನಡುನಡುವೆ, ಅದೇ ಮಳೆಯಲ್ಲಿ, ಮುಳ್ಳುಜಾಲಿಯ ತಾಕುಗಳಿವೆ. ಕೊಡೆಯಂತೆ ಹರಡುವ ವಾಚೆಲಿಯ ಟಾರ್ಟಿಲಿಸ್ ಇವುಗಳಲ್ಲಿ ಪ್ರಧಾನ. ಕರ್ನಾಟಕದ ಎರೆಭೂಮಿಯಲ್ಲಿ ಕಾಣುವ ಕರಿಜಾಲಿಯೂ ಉಂಟು. ಎಲೆ ಸಣ್ಣದು, ಸಾರಜನಕ ಹೆಚ್ಚು. ರಕ್ಷಣೆಯ ಕೆಲಸ ಮುಳ್ಳಿನದು.

ನೀರಿನ ಪಾತ್ರ

ಗಿಡ ವರ್ಷದಲ್ಲಿ ಎಷ್ಟು ದಿನ ಬೆಳೆಯಬಲ್ಲದು ಎಂಬುದನ್ನು ನೀರು ನಿರ್ಧರಿಸುತ್ತದೆ. ಆ ದಿನಗಳಲ್ಲಿ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದನ್ನು ಪೋಷಕಾಂಶ. ನೈಲ್ಸ್‌ಫ್ಲೇ ಅಧ್ಯಯನದಿಂದ ಹೊಮ್ಮಿದ ತೀರ್ಮಾನಗಳಲ್ಲಿ ಇದೇ ಹೆಚ್ಚು ಬಾಳಿಕೆಯದ್ದು ಎನ್ನಬಹುದು. ಆದರೆ ಇವೆರಡೂ ಪೂರ್ತಿ ಬೇರೆಯಲ್ಲ. ಮಣ್ಣು ನೆನೆದಾಗಲೇ ಸೂಕ್ಷ್ಮಜೀವಿಗಳು ಚುರುಕಾಗಿ ಸಾರಜನಕ ಬಿಡುಗಡೆಯಾಗುತ್ತದೆ. ಮೊದಲ ಮಳೆಗೆ ಅದು ಒಮ್ಮೆಲೇ ಹೊರಬರುತ್ತದೆ.

ಹುಲ್ಲು ಮೇಲ್ಮಣ್ಣಿನ ನೀರನ್ನೂ ಮರ ಆಳದ ನೀರನ್ನೂ ಬಳಸುತ್ತದೆ ಎಂಬ ಸಸ್ಯವಿಜ್ಞಾನಿ ಹೈನ್ರಿಖ್ ವಾಲ್ಟರ್ ಅವರ ವಾದ ಇಲ್ಲಿ ಭಾಗಶಃ ಮಾತ್ರ ನಿಲ್ಲುತ್ತದೆ. ಮರದ ಬೇರುಗಳೂ ಬಹುಮಟ್ಟಿಗೆ ಮೇಲ್ಪದರದಲ್ಲೇ ಇವೆ. ಹುಲ್ಲಿಗಿಂತ ಮೊದಲೇ ಚಿಗುರುವುದು ಮರಗಳಿಗೆ ಹೆಚ್ಚು ಅನುಕೂಲ ತಂದಂತೆ ಕಾಣುತ್ತದೆ.

ಜಾಲಿಯ ತಾಕುಗಳ ಮೂಲ

ಜಾಲಿ ಬೆಳೆದಲ್ಲಿ ಮಣ್ಣಿಗೆ ಸಾರ ಬಂದಿದ್ದು ಎಲ್ಲಿಂದ? ಅಡಿಯ ಬಂಡೆ ಇದಕ್ಕೆ ಸಾಕಷ್ಟು ಉತ್ತರ ಕೊಡುವುದಿಲ್ಲ. ತಾಕುಗಳಲ್ಲಿ ರಂಜಕ ಸುತ್ತಲಿಗಿಂತ ಬಹಳ ಹೆಚ್ಚು. ಮಡಕೆಯ ಚೂರುಗಳೂ ಸಿಕ್ಕಿವೆ. ಇವು ತ್ಸ್ವಾನ ಜನರ ಹಳೆಯ ಊರುಗಳು, ದನದ ದೊಡ್ಡಿಗಳು ಇದ್ದ ಜಾಗ ಎಂಬ ವಿವರಣೆ 1990ರಲ್ಲಿ ಪ್ರಕಟವಾಯಿತು. ಈಗ ಬಹುತೇಕ ಒಪ್ಪಿತವಾಗಿದೆ. ಹಗಲೆಲ್ಲ ದೂರದವರೆಗೆ ಮೇಯುವ ದನ ರಾತ್ರಿ ಒಂದೇ ಕಡೆ ಸಗಣಿ ಹಾಕುತ್ತದೆ. ನಮ್ಮ ರೈತರು ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದರ ಹಿಂದಿನ ಲೆಕ್ಕವೂ ಇದೇ. ಸಾರಜನಕ ಕಾಲಕ್ರಮದಲ್ಲಿ ಗಾಳಿಗೂ ನೀರಿಗೂ ಸೇರಿಹೋಗುತ್ತದೆ. ರಂಜಕ ಅನಿಲವಾಗಿ ಹಾರುವುದಿಲ್ಲ, ಸುಲಭವಾಗಿ ಬಸಿದುಹೋಗುವುದೂ ಇಲ್ಲ. ರಂಜಕ ಸಾಕಷ್ಟಿದ್ದರೆ ಜಾಲಿ ಬೇರಿನ ಗಂಟುಗಳ ಬ್ಯಾಕ್ಟೀರಿಯಾಗಳ ನೆರವಿನಿಂದ ಸಾರಜನಕವನ್ನು ಗಾಳಿಯಿಂದಲೇ ಪಡೆಯಬಲ್ಲದು. ಮೇವು ರುಚಿಯಾದ್ದರಿಂದ ಇಂಪಾಲಾ ಜಿಂಕೆಗಳು ಇಲ್ಲಿಗೇ ಬಂದು ಮೇಯುತ್ತವೆ, ಹಿಕ್ಕೆಯನ್ನೂ ಇಲ್ಲೇ ಹಾಕುತ್ತವೆ. ಊರು ಬಿಟ್ಟು ತಲೆಮಾರುಗಳು ಕಳೆದರೂ ತಾಕು ಕರಗದಿರಲು ಇದೂ ಒಂದು ಕಾರಣವಿರಬೇಕು.

ಹಳೆಯ ನೆಲೆಗಳ ಇಂಥ ಗುರುತು ಬೇರೆಡೆಯೂ ಕಂಡಿದೆ. ಪುರಾತತ್ತ್ವಜ್ಞ ಜೇಮ್ಸ್ ಡೆನ್‌ಬೊ 1979ರಲ್ಲೇ ಪೂರ್ವ ಬೋಟ್ಸ್ವಾನದಲ್ಲಿ ಸೆಂಕ್ರಸ್ ಸಿಲಿಯಾರಿಸ್ ಹುಲ್ಲನ್ನು ಕಬ್ಬಿಣಯುಗದ ನೆಲೆಗಳ ಗುರುತಾಗಿ ಬಳಸಿದ್ದರು. ನೈಋತ್ಯ ಕೀನ್ಯಾದಲ್ಲಿ 1,550ರಿಂದ 3,700 ವರ್ಷ ಹಳೆಯ ದನಗಾಹಿ ನೆಲೆಗಳ ಮಣ್ಣು ಇಂದಿಗೂ ಸಾರವತ್ತಾಗಿದೆ ಎಂದು 2018ರ ಅಧ್ಯಯನವೊಂದು ತೋರಿಸಿತು.

ಅನ್ವಯದ ಮಿತಿ

ಆಫ್ರಿಕದ 854 ತಾಣಗಳನ್ನು ಹೋಲಿಸಿದ 2005ರ ವಿಶ್ಲೇಷಣೆಯ ಪ್ರಕಾರ, ಸುಮಾರು 650 ಮಿಮೀಗಿಂತ ಕಡಿಮೆ ಮಳೆಯಿರುವಲ್ಲಿ ಮರಗಳ ಗರಿಷ್ಠ ಹರವನ್ನು ಮಳೆಯೇ ಕಟ್ಟಿಹಾಕುತ್ತದೆ. ಅದಕ್ಕಿಂತ ಹೆಚ್ಚಿದ್ದಲ್ಲಿ ಮರಗಳನ್ನು ತಡೆಯಲು ಬೆಂಕಿ, ಪ್ರಾಣಿಗಳ ಮೇಯುವಿಕೆ ಬೇಕು. ನೈಲ್ಸ್‌ಫ್ಲೇ ಈ ಗಡಿಯ ಹತ್ತಿರದಲ್ಲಿದೆ. ದೊಡ್ಡಿಯ ವಿವರಣೆಯನ್ನು ಎಲ್ಲೆಡೆಗೂ ಹಿಗ್ಗಿಸಲಾಗದು. ದಕ್ಷಿಣ ಆಫ್ರಿಕದ್ದೇ ಆದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಪಶ್ಚಿಮದ ಗ್ರಾನೈಟ್ ಮತ್ತು ಪೂರ್ವದ ಬಸಾಲ್ಟ್ ಬಂಡೆಗಳೇ ಇಂಥ ಭೇದಕ್ಕೆ ಮುಖ್ಯ ಕಾರಣ. ಬ್ರೆಜಿಲ್‌ನ ಸೆರಾಡೊ ಸವನ್ನಾದಲ್ಲಿ ಮಳೆ ಹೆಚ್ಚು, ಮಣ್ಣು ಬಡವಾಗಿದ್ದು ಅಲ್ಯುಮಿನಿಯಂ ತುಂಬಿದೆ. ಪೋರ್ಚುಗೀಸರು ಬರುವವರೆಗೆ ಅಲ್ಲಿ ದನಗಳೇ ಇರಲಿಲ್ಲ.